ಸೂಲಗಿತ್ತಿಯೂ ಬಾಣಂತನವೂ

ಸೂಲು ಎಂಬುದು ಹೆರಿಗೆಗೆ ಅಚ್ಚಗನ್ನಡದ ಹಳೆಯ ಹೆಸರು. ಆ ಹೊತ್ತಿಗೆ ಒದಗತಕ್ಕವಳು ಸೂಲಗಿತ್ತಿ. ಸಂಸ್ಕೃತದಲ್ಲಿ ಹೆತ್ತವಳಿಗೆ ಸೂತಿಕೆಯೆಂದೂ ಅವಳಿರುವ ಮನೆಗೆ ಸೂತಿಕಾಗಾರವೆಂದೂ ಹೆಸರು. ಇವೆರಡು ಕಿವಿಗೆ ಒಂದೇ ಬಳಗದ ಮಾತುಗಳಂತೆ ತೋರಿದರೂ ಹುಟ್ಟು ಬೇರೆ ಬೇರೆ. ಈಚೆಗೆ ನಗರಗಳಲ್ಲಿ ಮೂರನೆಯದೊಂದು ಮಾತು ಕೇಳಿಬರುತ್ತಲಿದೆ: ಡೌಲಾ. ಇದು ಗ್ರೀಕರ ಮಾತು; ದಾಸಿಯೆಂದು ಅರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ ಎಂಬವರು 1973ರಲ್ಲಿ ಎದೆಹಾಲಿನ ವಿಷಯವಾಗಿ ಬರೆದ ಗ್ರಂಥದಲ್ಲಿ, ಬಾಣಂತಿಯ ಬಳಿಯಿದ್ದು ನೆರವಾಗುವ ಹೆಂಗಸಿಗೆ ಈ ಹೆಸರನ್ನಿಟ್ಟರು. ಡೌಲಾ ಎನಿಸಿಕೊಂಡವಳು ಹೆರಿಗೆ ಮಾಡಿಸುವುದಿಲ್ಲ, ಮದ್ದು ಕೊಡುವುದಿಲ್ಲ, ಹೊಕ್ಕುಳಬಳ್ಳಿಯನ್ನು ಮುಟ್ಟುವುದಿಲ್ಲ. ಬೇನೆ ತಿನ್ನುತ್ತಿರುವವಳ ಬೆನ್ನು ನೀವುತ್ತಾಳೆ, ಬೆವರು ಒರಸುತ್ತಾಳೆ, ಎರಡು ಗುಟುಕು ನೀರು ಕುಡಿಸುತ್ತಾಳೆ, ಎದ್ದು ಹೋಗದೆ ಕುಳಿತಿರುತ್ತಾಳೆ. ಇಷ್ಟಕ್ಕೆ ಸಂಬಳವೇ ಎಂದು ಹಳ್ಳಿಯ ಮುದುಕಿಯರು ನಕ್ಕಾರು. ಆದರೆ ಈ 'ಇಷ್ಟು' ಇಂದು ಎಷ್ಟು ಮಂದಿಗೆ ದೊರಕುತ್ತಲಿದೆಯೆಂದು ನೋಡಿದರೆ ನಗು ಅಡಗುವುದು.

ಸೂಲಗಿತ್ತಿಯ ಕಾರ್ಯದಲ್ಲಿ ಎರಡು ಭಾಗಗಳಿದ್ದುವು. ಒಂದು ಕೈಯ ಕೆಲಸ: ಹೊಟ್ಟೆಯ ಮೇಲೆ ಕೈಯಾಡಿಸಿ ಶಿಶುವಿನ ತಲೆ ಎತ್ತಲಿದೆಯೆಂದು ತಿಳಿಯುವುದು, ಕೂಸನ್ನು ಬರಮಾಡಿಕೊಳ್ಳುವುದು, ಮಾಸು ಬೀಳುವವರೆಗೆ ಕಾದಿರುವುದು. ಇನ್ನೊಂದು ಬಳಿಯಿರುವ ಕೆಲಸ. ಮೊದಲನೆಯದನ್ನು ಆಸ್ಪತ್ರೆಯು ವಹಿಸಿಕೊಂಡಿತು, ಸರಿಯಾಗಿಯೇ ಆಯಿತು. ರಕ್ತ ನಿಲ್ಲದೆ, ಮಾಸು ಬೀಳದೆ, ಕೂಸು ಅಡ್ಡಲಾಗಿ ನಿಂತು ಪ್ರಾಣಬಿಟ್ಟ ತಾಯಂದಿರ ಲೆಕ್ಕವನ್ನು ಯಾವ ಹಳ್ಳಿಯೂ ಬರೆದಿಟ್ಟಿಲ್ಲ. ಕುಡುಗೋಲಿನಿಂದ ಬಳ್ಳಿ ಕೊಯ್ದು ಧನುರ್ವಾಯು ತಗಲಿ, ವಾರ ಕಳೆಯುವುದರೊಳಗೆ ಹೋದ ಕೂಸುಗಳ ಲೆಕ್ಕವೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಇದನ್ನು ಕಂಡು ಮರುಗುವವರ ಹಳೆಯ ಕಾಲದ ಮೋಹವನ್ನು ಒಪ್ಪಲಾಗದು. ಆದರೆ ಎರಡನೆಯ ಭಾಗವನ್ನು ಆಸ್ಪತ್ರೆಯು ತೆಗೆದುಕೊಳ್ಳಲಿಲ್ಲ. ಮನೆಯವರನ್ನು ಬಾಗಿಲಿನ ಹೊರಗೆ ನಿಲ್ಲಿಸಿದುದರಿಂದ ಅವರ ಕೈಯಿಂದಲೂ ಅದು ಜಾರಿತು.

ನಮ್ಮ ಪ್ರಾಚೀನ ವೈದ್ಯರು ಈ ಎರಡನೆಯ ಭಾಗವನ್ನು ಅಲ್ಪವೆಂದೆಣಿಸಿದವರಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗಾರದೊಳಗಿರಬೇಕಾದ ಸ್ತ್ರೀಯರ ಲಕ್ಷಣಗಳನ್ನು ಹೇಳಿದೆ. ಅವರು ಹಲವು ಸಲ ಹೆತ್ತವರಾಗಿರಬೇಕು, ಸ್ನೇಹವುಳ್ಳವರು, ಸಮಯಕ್ಕೆ ತಕ್ಕುದನ್ನು ತಿಳಿದವರು, ಸ್ವಭಾವತಃ ವಾತ್ಸಲ್ಯವುಳ್ಳವರು, ಕ್ಲೇಶವನ್ನು ಸಹಿಸಬಲ್ಲವರು ಆಗಿರಬೇಕು, ವಿಷಾದವನ್ನು ಬಿಟ್ಟವರಾಗಿರಬೇಕು. ಈ ಕಡೆಯ ಮಾತನ್ನು ಬರೆದವನು ಹೆರಿಗೆಯ ಕೋಣೆಯ ಸುದ್ದಿಯನ್ನು ಚೆನ್ನಾಗಿ ಬಲ್ಲವನೇ ಸರಿ. ಹೆದರಿದ ಮುಖವೊಂದು ಎದುರಿಗಿದ್ದರೆ ಬೇನೆಯವಳ ಧೈರ್ಯವೂ ಕುಸಿಯುವುದು. ಬೇನೆ ಬಾರದೆ ಮುಕ್ಕಬೇಡವೆಂದು ಅವಳಿಗೆ ತಿಳಿಸಬೇಕೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಹೆರಿಗೆ ಬೇಗನಾಗಲೆಂದು ಒನಕೆ ಹಿಡಿಸಿ ಕುಟ್ಟಿಸುವ ಕ್ರಮವನ್ನು ಆತ್ರೇಯನು ಒಪ್ಪದೆ, ಅಡ್ಡಾಡುವುದೇ ಒಳಿತೆಂದಿದ್ದಾನೆ. ಸುಶ್ರುತನು ವಯಸ್ಸು ಬಲಿತ, ಪ್ರಸವಕಾರ್ಯದಲ್ಲಿ ನುರಿತ ನಾಲ್ವರಿರಲಿ ಎಂದು ವಿಧಿಸಿ, ಅವರು ಉಗುರು ಕತ್ತರಿಸಿಕೊಂಡಿರಬೇಕೆಂದು ಸೇರಿಸಿದ್ದಾನೆ. ಉಗುರಿನ ಮಾತೊಂದನ್ನು ಮುಂದಿನವರು ನೆನಪಿಟ್ಟುಕೊಂಡಿದ್ದರೂ ಎಷ್ಟೋ ಜೀವಗಳು ಉಳಿಯುತ್ತಿದ್ದುವು!

ಶಾಸ್ತ್ರವನ್ನೋದದೆ ಈ ಲಕ್ಷಣಗಳನ್ನೆಲ್ಲ ಪಡೆದಿದ್ದವರೊಬ್ಬರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು. 1920ರಲ್ಲಿ ಹುಟ್ಟಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ವಿದ್ಯೆ ಕಲಿತು ಇಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಹೆರಿಗೆಗೆ ಕೈಯಿಟ್ಟರು. ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡವರು. ಆಸ್ಪತ್ರೆಯ ಸುಳಿವಿಲ್ಲದ ಆ ಬರಡು ಸೀಮೆಯಲ್ಲಿ ಎಪ್ಪತ್ತು ವರುಷ ಕಾಸು ಕೇಳದೆ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಕೊಟ್ಟುವು. ಅದೇ ವರುಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸೂಲಗಿತ್ತಿ ಎಂಬ ಮಾತು ಅವರ ಹೆಸರಿನ ಹಿಂದೆ ಬಿರುದಾಗಿ ನಿಂತಿತು.

ಒಬ್ಬಳಿಗೆ ದೊರೆತ ಈ ಮನ್ನಣೆ ಆ ಕಸುಬಿನ ಉಳಿದವರಿಗೆ ದೊರೆತದ್ದು ಅಪರೂಪ. ಸೂಲಗಿತ್ತಿಯರು ಎಷ್ಟೋ ಊರುಗಳಲ್ಲಿ ಕೆಳಗಿನವೆಂದೆಣಿಸಿದ ಜಾತಿಗಳವರು. ಬೇನೆಯ ರಾತ್ರಿ ಅವಳು ಒಳಮನೆಯವರೆಗೆ ಬರಬಹುದು. ಸೊಸೆಯ ಪ್ರಾಣವೂ ವಂಶದ ಕುಡಿಯೂ ಅವಳ ಕೈಯಲ್ಲಿರಬಹುದು. ಪುರುಡು ಕಳೆದು ಮನೆ ತೊಳೆದ ಮರುದಿನ ಅವಳು ಅಂಗಳದಲ್ಲಿ ನಿಂತು ಮೊರದ ಅಕ್ಕಿ, ಎಲೆಯಡಿಕೆ, ಹಳೆಯ ಸೀರೆಯೊಂದನ್ನು ಈಸಿಕೊಂಡು ಹೋಗಬೇಕು. ಆಚಾರವಂತರ ಮನೆಗಳಲ್ಲಿ ಇದು ತಪ್ಪೆಂದು ಯಾರಿಗೂ ತೋರಲಿಲ್ಲ. ವಿದ್ಯೆಯು ಮಗಳಿಗೆ ದಾಟದೆ ನಿಂತುದಕ್ಕೆ ಆಸ್ಪತ್ರೆಯೊಂದೇ ಕಾರಣವಲ್ಲವೆಂದು ಇದರಿಂದ ತಿಳಿಯಬಹುದು. ತಾಯಿಗಾದ ಮರ್ಯಾದೆಯನ್ನು ಕಂಡ ಯಾವ ಮಗಳು ಆ ಕಸುಬನ್ನು ಬೇಡಿಯಾಳು?

ಇನ್ನು ಬಳಿಯಿರುವುದರಿಂದ ಆಗುವುದೇನೆಂಬ ಪ್ರಶ್ನೆ. ಕ್ಲೌಸ್ ಮತ್ತು ಕೆನೆಲ್ ಎಂಬ ಅಮೆರಿಕದ ವೈದ್ಯರೂ ಅವರ ಸಂಗಡಿಗರೂ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಇದನ್ನು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದರು. ಒಂಟಿಯಾಗಿದ್ದವರಿಗೆ ಆಸ್ಪತ್ರೆ ಸೇರಿದಂದಿನಿಂದ ಹೆರಿಗೆಯಾಗುವುದಕ್ಕೆ ಸರಾಸರಿ 19.3 ಗಂಟೆಗಳಾದರೆ, ಮುಂಚೆ ಮುಖಪರಿಚಯವಿಲ್ಲದ ಸಾಮಾನ್ಯ ಹೆಂಗಸೊಬ್ಬಳು ಜೊತೆಗಿದ್ದವರಿಗೆ 8.8 ಗಂಟೆಗಳಾದುವು. ಆ ಪರೀಕ್ಷೆ ಚಿಕ್ಕದು. ಆದರೆ 2017ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ದೇಶಗಳ 26 ಪರೀಕ್ಷೆಗಳನ್ನು, 15,000ಕ್ಕೂ ಹೆಚ್ಚು ಸ್ತ್ರೀಯರ ವೃತ್ತಾಂತವನ್ನು, ಒಟ್ಟುಗೂಡಿಸಿ ನೋಡಿದಾಗಲೂ ಜೊತೆಗಾತಿಯಿದ್ದವರಿಗೆ ಬೇನೆಯ ಹೊತ್ತು ಕಡಮೆಯಾಗುವುದೆಂದೂ ಹೊಟ್ಟೆ ಕೊಯ್ಯುವ ಪ್ರಸಂಗಗಳು ಕಡಮೆಯೆಂದೂ ಕಂಡುಬಂದಿತು.

ಹೆರಿಗೆಯೇನೋ ಒಂದು ಹಗಲು ಒಂದು ಇರುಳಿನ ಮಾತು, ಬಾಣಂತನ ತಿಂಗಳುಗಟ್ಟಲೆಯದು. ಸುಶ್ರುತನು ಒಂದೂವರೆ ತಿಂಗಳು ಸೂತಿಕೆಯೆಂದು ಲೆಕ್ಕ ಹಾಕಿದ್ದಾನೆ; ಇಂದಿನ ವೈದ್ಯರ ಆರು ವಾರವೂ ಅದರ ಸಮೀಪದ್ದೇ. ಹಂಡೆಯ ಬಿಸಿನೀರು, ಮೈಗೆ ಎಣ್ಣೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಬಡಗಲಾದರೆ ಅಂಟಿನುಂಡೆ. ಕಾಲು ನೀಡಿ ಕುಳಿತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ನೀರೆರೆಯುವ ಅಜ್ಜಿ. ಇವುಗಳೊಡನೆ ಕೆಟ್ಟ ರೂಢಿಗಳೂ ಬಂದಿವೆ: ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಯಾರಿದವಳಿಗೆ ನೀರು ಕೊಡದಿರುವುದು, ಕಿಟಕಿ ಮುಚ್ಚಿ ಹೊಗೆ ತುಂಬುವುದು. ಅವು ತೊಲಗಬೇಕಾದವೇ. ಆದರೆ ಬಾಣಂತನದ ತಿರುಳು ಸಾರಿನಲ್ಲಿಯೂ ಹೊಗೆಯಲ್ಲಿಯೂ ಇರಲಿಲ್ಲ. ನಡುರಾತ್ರಿ ಕೂಸು ಅತ್ತಾಗ "ನೀನು ಮಲಗು ತಾಯಿ, ನಾನೆತ್ತಿಕೊಳ್ಳುತ್ತೇನೆ" ಎನ್ನುವವಳೊಬ್ಬಳು ಮನೆಯಲ್ಲಿದ್ದಳು. ಹಾಲು ಬಾರದೆಂದು, ಕಾರಣವಿಲ್ಲದೆ ಕಣ್ಣೀರು ಬರುತ್ತದೆಯೆಂದು ಹೇಳಿಕೊಳ್ಳುವುದಕ್ಕೆ ಕಿವಿಯೊಂದಿತ್ತು. ಇಂದು ಮಗಳು ಕಡಲಾಚೆಯಿದ್ದರೆ ತಾಯಿ ಬಾಣಂತಿಯ ಮದ್ದು ಕಟ್ಟಿಕೊಂಡು ವಿಮಾನವೇರುತ್ತಾಳೆ. ಹಾಗೆ ಹೋಗಲಾರದವರ ಮಕ್ಕಳು, ತವರೇ ಇಲ್ಲದವರು, ಗಂಡನು ಬೆಳಗ್ಗೆ ಕೆಲಸಕ್ಕೆ ಹೊರಟ ಮೇಲೆ ಬೀಗ ಹಾಕಿದ ಮನೆಯೊಳಗೆ ಕೂಸಿನೊಡನೆ ಒಬ್ಬರೇ. ಸರ್ಕಾರದ ಕ್ರಮದಂತೆ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಹೋಗಿ ನೋಡಬೇಕು. ಉತ್ತಮವಾದ ಏರ್ಪಾಡು, ಆದರೆ ಆರು ಭೇಟಿಗಳಿಂದ ಆರು ವಾರದ ರಾತ್ರಿಗಳು ಕಳೆಯಲಾರವು.

ಹಣವುಳ್ಳವರು ಡೌಲಾ ಒಬ್ಬಳನ್ನು ಗೊತ್ತುಮಾಡಿಕೊಂಡಾರು. ಉಳಿದವರ ಪಾಡಿಗಾಗಿ 2016ರಲ್ಲಿ ಭಾರತ ಸರ್ಕಾರವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಸಂಗಡ ಒಬ್ಬಳು ಇರಬಹುದೆಂದು ಒಪ್ಪಿಗೆ ಕೊಟ್ಟಿತು. ಅವಳು ತಾನೂ ಹೆರಿಗೆಯ ಬೇನೆ ಕಂಡವಳಾಗಿರಬೇಕು, ಶುಭ್ರವಾದ ಬಟ್ಟೆಯುಟ್ಟಿರಬೇಕು, ಕಡೆಯವರೆಗೂ ಬಿಟ್ಟುಹೋಗದಿರಬೇಕು, ವೈದ್ಯರ ಕೆಲಸಕ್ಕೆ ಅಡ್ಡಬರಬಾರದು ಎಂಬಿವೇ ಮೊದಲಾದ ನಿಯಮಗಳನ್ನೋದುವಾಗ ಚರಕ ಸುಶ್ರುತರ ನೆನಪಾಗದಿರದು. ಅಪ್ಪಣೆಯಾದಲ್ಲೆಲ್ಲ ಆಚರಣೆಯಾಗಿದೆಯೆಂದಲ್ಲ. ಹತ್ತು ಮಂದಿ ಬೇನೆಯವರು ಮಲಗಿರುವ ಕೋಣೆಯಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಮರೆಯಿಲ್ಲದಿದ್ದರೆ, ಒಬ್ಬಳ ತಾಯಿಯನ್ನು ಒಳಗೆ ಬಿಟ್ಟರೆ ಉಳಿದ ಒಂಬತ್ತು ಮಂದಿಯ ಮಾನದ ಮಾತೇನು ಎಂದು ದಾದಿ ಕೇಳುತ್ತಾಳೆ. ಅವಳ ಮಾತಿನಲ್ಲಿಯೂ ನ್ಯಾಯವುಂಟು. ಮಂಚಕ್ಕೊಂದು ಪರದೆ ಕಟ್ಟಿಸಿ, ಅದರ ಪಕ್ಕದಲ್ಲಿ ಕುಳ್ಳಿರಲು ಒಂದು ಮುಕ್ಕಾಲಿಯನ್ನಿಡಿಸುವುದಕ್ಕೆ ಎಷ್ಟು ಹಣ ಬೇಕಾದೀತೆಂದು ಜಿಲ್ಲೆಯ ಆಸ್ಪತ್ರೆಗಳವರು ಲೆಕ್ಕ ಹಾಕಿ ನೋಡಬಹುದು.