ನಾಲ್ಕು ಮೊಳಕ್ಕೊಂದು ಮಾರು

ಒಣ ಬಾಳೆನಾರಿನಲ್ಲಿ ಹೂ ಕಟ್ಟಲು ಹೋದರೆ ಮೂರನೆಯ ಕುಣಿಕೆಗೇ ಪಟಕ್ಕನೆ ತುಂಡಾಗುತ್ತದೆ. ಅದನ್ನು ಮೊದಲು ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ ಎಳೆ ಮಾಡಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಬೇಕು. ಹಾಗೆ ಹದವಾದ ನಾರು ಬೆರಳು ಹೇಳಿದ ಕಡೆಗೆ ಬಾಗುತ್ತದೆ, ತೊಟ್ಟನ್ನು ಕೊಯ್ಯುವುದಿಲ್ಲ, ಹೂವನ್ನು ತಂಪಾಗಿಯೂ ಇಡುತ್ತದೆ. ಅಂಗಡಿ ದಾರದಲ್ಲಿ ಬೇಗ ಕಟ್ಟಬಹುದು, ನಿಜ. ಆದರೂ ನನಗೆ ನಾರೇ ಬೇಕು. ಮುದುಡಿ ಒಣಗಿದ ಬಾಳೆಪಟ್ಟೆ ನೀರು ಕುಡಿದು ಕೈಯಲ್ಲೇ ಮೆತ್ತಗಾಗುತ್ತದಲ್ಲ, ಆ ಸುಖ ದಾರದಲ್ಲಿ ಸಿಗುವುದಿಲ್ಲ.

ದೀಪಾವಳಿ ಕಳೆದು ಚರ್ಚಿನ ಸುಗ್ಗಿ ಹಬ್ಬದ ಭಾನುವಾರ ಹತ್ತಿರ ಬಂತೆಂದರೆ ಕೋಲಾರದ ನಮ್ಮ ಮನೆಯಲ್ಲಿ ಪಾಠದ ಚಾಪೆಯ ಮೇಲೆ, ಪುಸ್ತಕಗಳ ಪಕ್ಕದಲ್ಲಿ, ಹೂವಿನ ಮಂಕರಿಯೂ ಬಂದು ಕೂರುತ್ತದೆ. ಮಗಳಿಗೆ 13, ಮಗನಿಗೆ 9. ಇಬ್ಬರಿಗೂ ಮನೆಯಲ್ಲೇ ಪಾಠ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಸೇರಲು 14 ತುಂಬಿರಬೇಕು. ಮುಂದಿನ ವರ್ಷ ಮಗಳ ಹೆಸರು ಬರೆಸುತ್ತೇವೆ. ಹಬ್ಬದ ಹೂವಿನ ಕೆಲಸ ನಮ್ಮ ಮನೆಯ ಪಾಲಿಗೆ ಬಂದು ಆರು ವರ್ಷವಾಯಿತು. ಅದರ ಜೊತೆಗೆ ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಕಲಿಸುವುದು, ಸ್ತ್ರೀಯರ ಸಂಘದ ತಿಂಡಿ, ನಮ್ಮ ಯಜಮಾನರಿಗೆ ಶಾಮಿಯಾನ, ಕುರ್ಚಿ, ಮೈಕಿನ ಓಡಾಟ. ಆ ಎರಡು ವಾರ ಮನೆಯಲ್ಲಿ ಮುದ್ದೆ, ಸಾರು ಬಿಟ್ಟರೆ ಬೇರೆ ಅಡುಗೆಯಿಲ್ಲ. ‘ಪಾಠಕ್ಕೆಲ್ಲ ರಜಾನಾ?’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ರಜೆಯಿಲ್ಲ. ಆ ಎರಡು ವಾರ ಕಲಿತಷ್ಟು ಅವರು ಬೇರೆ ಎಂದೂ ಕಲಿಯುವುದಿಲ್ಲ ಎಂದೇ ನನ್ನ ನಂಬಿಕೆ.

ಕಟ್ಟುವುದು ಬೇರೆ, ಪೋಣಿಸುವುದು ಬೇರೆ. ಚೆಂಡು ಹೂವನ್ನು ಸೂಜಿಯಲ್ಲಿ ಪೋಣಿಸಿದರೆ ಸಾಕು. ಅದು ಮಗನ ಕೆಲಸ. ಕನಕಾಂಬರ, ಕಾಕಡ ಹಾಗಲ್ಲ, ಕಟ್ಟಲೇಬೇಕು. ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಹೂ ಬಲಕ್ಕೆ, ಎರಡು ಹೂ ಎಡಕ್ಕೆ ಮುಖ ಮಾಡಿಸಿ, ತೊಟ್ಟಿನ ಮೇಲೆ ತೊಟ್ಟು ಬರುವಂತೆ ಎಡಗೈ ಬೆರಳುಗಳ ನಡುವೆ ಹಿಡಿಯಬೇಕು. ನಾರು ಆ ತೊಟ್ಟುಗಳನ್ನು ಒಂದು ಸುತ್ತು ಬಳಸಿ ಬರುತ್ತದೆ. ಬಲಗೈ ಬೆರಳು ನಾರನ್ನು ತಿರುಚಿ ಕುಣಿಕೆ ಮಾಡಿ, ತೊಟ್ಟುಗಳ ಮೇಲಿಂದ ಇಳಿಸಿ ಎಳೆಯುತ್ತದೆ. ಅಷ್ಟೇ. ಎಷ್ಟು ಎಳೆಯಬೇಕು ಎಂಬುದು ಮಾತ್ರ ಹೇಳಿಕೊಟ್ಟು ಬರುವುದಲ್ಲ. ಸಡಿಲವಾದರೆ ಹೂ ಜಾರುತ್ತದೆ. ಬಿಗಿಯಾದರೆ ತೊಟ್ಟು ಮುರಿದು, ಎತ್ತಿ ಹಿಡಿದಾಗ ಮಾಲೆಯ ಕೆಳಗೆಲ್ಲ ಹೂ ಉದುರುತ್ತದೆ. ಮಗಳು ಕಲಿಯುತ್ತಿದ್ದಾಗ ಅತ್ತೆ ಅವಳ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ‘ಅಷ್ಟು ಬಿಗೀಬೇಡ ಕಂದಾ, ಕತ್ತು ಹಿಸುಕ್ದಂಗಾಗುತ್ತೆ’ ಎನ್ನುತ್ತಿದ್ದರು. ಈಗ ಅವಳು ತಮ್ಮನಿಂದ ಕಾಗುಣಿತ ಒಪ್ಪಿಸಿಕೊಳ್ಳುತ್ತಲೇ ಹೂವಿನ ಕಡೆ ನೋಡದೆ ಕಟ್ಟುತ್ತಾಳೆ.

ಹೂವಿಗೆ ಬೆಳಗಿನ ಜಾವವೇ ಮಾರುಕಟ್ಟೆಗೆ ಹೋಗಬೇಕು. ಆಯುಧಪೂಜೆಯ ಹಿಂದಿನ ದಿನ ಕೈ ಸುಡುತ್ತಿದ್ದ ಸೇವಂತಿಗೆ ಈಗ ರಾಶಿ ಬಿದ್ದಿರುತ್ತದೆ. ‘ದೀಪಾವಳಿ ಆದ್ಮೇಲೆ ಕೇಳೋರಿಲ್ಲಮ್ಮ, ನಿಮ್ ಹಬ್ಬ ಬಂದ್ರೆ ನಮ್ಗೂ ಹಬ್ಬ’ ಎನ್ನುವ ಹೂವಿನ ಅಕ್ಕ ಕೈ ಚಾಚಿ ಮಾರು ಹಾಕಿ ಕೊಡುತ್ತಾರೆ. ಕೊನೆಗೆ ಒಂದು ಮೊಳ ಕೊಸರು. ಆ ಕೊಸರು ‘ಯೇಸಪ್ಪನಿಗೆ’ ಎಂದು ಅವರೇ ಹೇಳುತ್ತಾರೆ. ಗುಲಾಬಿ ಮಾತ್ರ ಮಾಲೂರಿನಿಂದ ಬರುತ್ತದೆ. ಅಲ್ಲಿ ಗುಲಾಬಿ ಬೆಳೆಯುವ ನಮ್ಮ ನೆಂಟರೊಬ್ಬರು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಶನಿವಾರದ ಬಸ್ಸಿಗೆ ಹಾಕಿ ಕಳಿಸುತ್ತಾರೆ.

ಮಾರು, ಮೊಳದ ಲೆಕ್ಕ ಹುಟ್ಟಿದ್ದು ಆ ಮಾರುಕಟ್ಟೆಯಲ್ಲೇ. ಹೂವಿನ ಅಕ್ಕನ ಹತ್ತಿರ ಹತ್ತು ಮಾರು ಎಂದು ತಂದ ಹೂವನ್ನು ಮಗ ತನ್ನ ಕೈಯಲ್ಲಿ ಅಳೆದು ‘ಹದಿಮೂರು ಇದೆ, ಅಕ್ಕ ಜಾಸ್ತಿ ಕೊಟ್ಟುಬಿಟ್ಟಿದ್ದಾರೆ, ವಾಪಸ್ ಕೊಡೋಣ’ ಎಂದು ಹಟ ಹಿಡಿದ. ಅವತ್ತಿನ ಗಣಿತ ಅಲ್ಲಿಂದ ಶುರುವಾಯಿತು. ಮೊಣಕೈಯಿಂದ ನಡುಬೆರಳಿನ ತುದಿಗೆ ಮೊಳ, ಚಾಚಿದ ಎರಡು ಕೈಗಳ ತುದಿಯಿಂದ ತುದಿಗೆ ಮಾರು. ಮನೆಯವರನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದದ್ದಾಯಿತು. ಪ್ರತಿಯೊಬ್ಬರ ಮಾರೂ ಬೇರೆ. ಆದರೆ ಅವರವರ ಮಾರು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ, ಅವರವರ ನಾಲ್ಕು ಮೊಳಕ್ಕೆ ಅವರದೊಂದು ಮಾರು. ಇದನ್ನು ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡ ಮಧ್ಯಾಹ್ನ ಇಬ್ಬರ ಮುಖ ನೋಡಬೇಕಿತ್ತು. ಮಗ ಒಬ್ಬೊಬ್ಬರ ಮಾರಿಗೂ ಒಂದೊಂದು ದಾರ ಕತ್ತರಿಸಿ, ಗಂಟು ಹಾಕಿ, ಹೆಸರು ಬರೆದ ಚೀಟಿ ಅಂಟಿಸಿ ಬಣ್ಣದ ಪೆನ್ಸಿಲ್ಲಿನ ಡಬ್ಬಿಯಲ್ಲಿ ಇಟ್ಟುಕೊಂಡ.

ಶನಿವಾರ ಮಧ್ಯಾಹ್ನದ ಚರ್ಚಿನಷ್ಟು ಚೆಂದದ ಜಾಗವನ್ನು ನಾನು ಕಂಡಿಲ್ಲ. ಬಾಗಿಲಿಗೆ ಬಾಳೆಕಂಬ, ಕಬ್ಬಿನ ಜಲ್ಲೆ. ವೇದಿಕೆಯ ಮೆಟ್ಟಿಲ ಮೇಲೆ ಕೋಲಾರದ ಟೊಮೆಟೊ ಕ್ರೇಟುಗಳು, ಕುಂಬಳ, ಹುರುಳಿ, ಮೊದಲ ಕೊಯ್ಲಿನ ಅವರೆ, ಕಾಲು ಕಟ್ಟಿದ ನಾಟಿ ಕೋಳಿ. ಶ್ರೀನಿವಾಸಪುರದವರಿಗೆ ಮಾವಿನ ಕಾಲದಲ್ಲಿ ಈ ಹಬ್ಬ ಬರುವುದಿಲ್ಲವೆಂಬ ಕೊರಗು. ಅವರು ಮಾವಿನೆಲೆಯ ತೋರಣವನ್ನೂ ಬೇಸಿಗೆಯಲ್ಲಿ ಹಾಕಿಟ್ಟ ಉಪ್ಪಿನಕಾಯಿಯ ಜಾಡಿಯನ್ನೂ ತರುತ್ತಾರೆ. ಮುಳಬಾಗಿಲಿನ ಕಡೆಯಿಂದ ನನ್ನ ಅಣ್ಣ ರಾಗಿ ತೆನೆಯ ಕಟ್ಟು ತರುತ್ತಾನೆ. ಅಕ್ಕಡಿ ಸಾಲಿನಿಂದ ಕಿತ್ತ ಹುಚ್ಚೆಳ್ಳಿನ ಹಳದಿ ಹೂವೂ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ನಾನು ತೆಗೆಯುವುದಿಲ್ಲ. ಆ ಕಟ್ಟನ್ನು ಶಿಲುಬೆಯ ಕೆಳಗೆ ನಿಲ್ಲಿಸಿ, ಕನಕಾಂಬರದ ಮಾಲೆ ಸುತ್ತುತ್ತೇನೆ. ಮುಷ್ಟಿ ಮುಚ್ಚಿದ ಬೆರಳಿನಂತಿರುವ ಕಂದು ತೆನೆ, ಅದರ ಮೇಲೆ ಕಿತ್ತಳೆ ಕೆಂಪಿನ ಕನಕಾಂಬರ. ಇದಕ್ಕಿಂತ ಒಪ್ಪುವ ಜೋಡಿ ನನಗೆ ಗೊತ್ತಿಲ್ಲ.

‘ರೂತಳು ಹಕ್ಕಲಾಯ್ದದ್ದು ಜವೆಗೋಧಿ ಹೊಲದಲ್ಲಿ ಅಲ್ವಾ, ನಾವ್ಯಾಕೆ ರಾಗಿ ಇಡ್ತೀವಿ?’ ಎಂದು ಮಗ ಕೇಳಿದ ವರ್ಷ ಚರಿತ್ರೆಯ ಪಾಠವೂ ಚರ್ಚಿನ ಮೆಟ್ಟಿಲ ಮೇಲೆಯೇ ನಡೆಯಿತು. 1876–78ರ ಬರವನ್ನು ನಮ್ಮ ಸೀಮೆಯ ಹಿರಿಯರು ಧಾತು-ಈಶ್ವರ ಬರ ಎಂದೇ ಕರೆಯುತ್ತಿದ್ದರು. ಮಳೆ ಎರಡು ವರ್ಷ ಕೈಕೊಟ್ಟು ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲೆಂಡಿನ ಮಿಷನರಿ ಹೆಣ್ಣುಮಗಳು ಆಸರೆ ಕೊಟ್ಟರು. 1890ರಲ್ಲಿ ಆಕೆ ಆ ಕೆಲಸವನ್ನು ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ನಮ್ಮ ಸಭೆಯ ಬೇರು ಅಲ್ಲಿದೆ, ಹಸಿದ ಮಕ್ಕಳ ಸಾಲಿನಲ್ಲಿ. ಹುಳು ಹಿಡಿಯದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯ್ದಿಡುತ್ತಿದ್ದ ಸೀಮೆಗೇ ಹಾಗೆ ಹಸಿವು ಬಂದಿತ್ತೆಂದರೆ ಆ ಬರ ಎಂಥದ್ದಿರಬೇಕು ಎಂದು ಮಗಳು ಕೇಳಿದಳು. ಆಮೇಲೆ ಯಾರೂ ಹೇಳದೆ, ನೆಲಕ್ಕೆ ಉದುರಿದ್ದ ರಾಗಿ ಕಾಳನ್ನು ಅಂಗೈಯಿಂದ ಸವರಿ ಗುಡ್ಡೆ ಮಾಡಿ, ತೆನೆಯ ಬುಡದಲ್ಲಿಟ್ಟಳು.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಕೃತಜ್ಞತೆಯ ಪ್ರಾರ್ಥನೆ ನೀರಿನಿಂದಲೇ ಶುರುವಾಗುತ್ತದೆ. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂದ ಕೊಳವೆಬಾವಿ ಕಂಡ ರೈತರು ಮುಂದಿನ ಬೆಂಚಿನಲ್ಲೇ ಕೂತಿರುತ್ತಾರೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದು ಬಂದ ದಿನ ನಮ್ಮ ಮಾವನವರು ನೋಡಿಬರಲು ಹೋಗಿ, ಏರಿಯ ಮೇಲೆ ಸಂಜೆಯವರೆಗೂ ನಿಂತಿದ್ದರು. ಆ ನೀರಿನ ಬಗ್ಗೆ ಜನರಲ್ಲಿ ಆತಂಕವೂ ಇದೆ, ಅದು ನ್ಯಾಯವೇ. ಆದರೆ ಒಣಗಿದ ಕೆರೆಯನ್ನೇ ನೋಡಿಕೊಂಡು ಮುದುಕರಾದವರ ಕಣ್ಣಿಗೆ ಅದು ಮೊದಲು ನೀರಾಗಿ ಕಂಡಿತು.

ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಪಟ್ಟುಹಿಡಿದು ಕೂಗುತ್ತಾರೆ. ಗೆದ್ದವರು ಅದನ್ನೇ ಮತ್ತೆ ಕಾಣಿಕೆಯಾಗಿ ಕೊಟ್ಟು ಇನ್ನೊಂದು ಸಲ ಹರಾಜಿಗೆ ಹಾಕಿಸುತ್ತಾರೆ. ಹಣ್ಣಿನ ಬುಟ್ಟಿಗಳು ಇ.ಟಿ.ಸಿ.ಎಂ. ಆಸ್ಪತ್ರೆಯ ರೋಗಿಗಳಿಗೆ ಹೋಗುತ್ತವೆ. ಮಕ್ಕಳಿಬ್ಬರೂ ಹಂಚಲು ಬರುತ್ತಾರೆ, ಉಳಿದ ಹೂವನ್ನು ಮೊಳ ಮೊಳ ಕತ್ತರಿಸಿಕೊಂಡು. ಬಾಣಂತಿಯೊಬ್ಬಳು ಮಗುವನ್ನು ಎದೆಗೆ ಒತ್ತಿಕೊಂಡೇ ಇನ್ನೊಂದು ಕೈಯಲ್ಲಿ ಹೂ ಮುಡಿಯಲು ಪರದಾಡುತ್ತಿದ್ದಾಗ ಮಗಳು ಹಿಂದೆ ನಿಂತು ಮುಡಿಸಿದಳು.

ರಾಗಿ ಕಟ್ಟನ್ನು ಈ ವರ್ಷ ಅತ್ತೆಯೇ ಕೂಗಿ ಬಿಡಿಸಿಕೊಂಡರು. ಸೋಮವಾರ ತಾರಸಿಯ ಮೇಲೆ ಹರಡಿ ಬಡಿದೆವು. ನಾನು ಒನೆಯುತ್ತಿದ್ದೆ. ಮಗ ಡಬ್ಬಿಯಿಂದ ಹೋದ ವರ್ಷದ ತನ್ನ ದಾರ ತೆಗೆದು ಕೈ ಚಾಚಿ ನಿಂತ. ಎಡಗೈ ಬೆರಳ ತುದಿಯಿಂದ ಹಿಡಿದುಕೊಂಡು ಬಂದ ಗಂಟು ಬಲಗೈಯಲ್ಲಿ ಮೂರು ಬೆರಳಿನಷ್ಟು ಹಿಂದೆಯೇ ನಿಂತುಬಿಟ್ಟಿತು. ಇನ್ನೊಂದು ಸಲ ಅಳೆದ. ‘ಅಜ್ಜೀ, ಹೊಸ ದಾರ ಕೊಡು’ ಎಂದ. ಅತ್ತೆ ಚೊಂಬಿನಲ್ಲಿ ನೆನೆಯುತ್ತಿದ್ದ ನಾರಿನಿಂದ ಒಂದು ಉದ್ದನೆಯ ಎಳೆ ಸೀಳಿ, ನೀರು ಕೊಡವಿ, ಅವನ ಕೈಗೆ ಕೊಟ್ಟರು.