ಹಾರ್ಬಿನ್ನಿನ ಚಳಿಗಾಲದ ಒಡನಾಟ

ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಚೀನದಲ್ಲಿ ಕಳೆದ ನನ್ನ ಎರಡು ವರ್ಷಗಳ ವಿಷಯವಾಗಿಯೇ ಬರೆಯಬೇಕೆಂಬ ಸೂಚನೆಯನ್ನೂ ಕೊಟ್ಟಿದ್ದರು. ಮ್ಯಾಂಡರಿನ್ ಭಾಷೆಯ ವ್ಯಾಕರಣವನ್ನೋ ಲಿಪಿಯ ಕಷ್ಟವನ್ನೋ ವಿವರಿಸಿ ವಾಚಕರ ತಾಳ್ಮೆಯನ್ನು ಪರೀಕ್ಷಿಸುವ ಇಚ್ಛೆ ನನಗಿಲ್ಲ. ಪರಭಾಷೆಯನ್ನು ಕಲಿಯಲು ಪರದೇಶಕ್ಕೆ ಹೋದವನಿಗೆ ಪಾಠಕ್ಕಿಂತಲೂ ಕಠಿಣವಾದುದು ಅಲ್ಲಿಯ ಜನರ ನಡುವೆ ಕುಳಿತುಕೊಳ್ಳಲು ಒಂದು ಮಣೆಯನ್ನು ಸಂಪಾದಿಸುವುದು. ಅದರಲ್ಲಿಯೂ ವರ್ಷದ ಅರ್ಧಭಾಗ ಕಿಟಕಿ ಬಾಗಿಲುಗಳೆಲ್ಲ ಭದ್ರವಾಗಿ ಮುಚ್ಚಿರುವ ಊರಿನಲ್ಲಿ. ಅದನ್ನಷ್ಟೇ ಹೇಳುತ್ತೇನೆ.

ನಾನು 2016ರ ಸೆಪ್ಟೆಂಬರಿನಿಂದ 2018ರ ಜುಲೈವರೆಗೆ ಹಾರ್ಬಿನ್ ನಗರದಲ್ಲಿ ಓದಿದೆ. ಚೀನದ ಈಶಾನ್ಯ ಮೂಲೆಯಲ್ಲಿರುವ ಹೈಲಾಂಗ್‌ಜಿಯಾಂಗ್ ಪ್ರಾಂತದ ರಾಜಧಾನಿಯದು. 1898ರಲ್ಲಿ ರಷ್ಯನ್ನರು ರೈಲುಮಾರ್ಗವನ್ನು ಹಾಕಲು ಬಂದಾಗ ಬೆಳೆಯತೊಡಗಿದ ಊರಾದುದರಿಂದ, ಇಂದಿಗೂ ಅಲ್ಲಿಯ ಅಂಗಡಿಗಳಲ್ಲಿ ತಲೆದಿಂಬಿನಷ್ಟು ದೊಡ್ಡ ರಷ್ಯನ್ ರೊಟ್ಟಿ ದೊರೆಯುತ್ತದೆ. ಅದಕ್ಕೆ ರಷ್ಯನ್ ಹೆಸರು ಖ್ಲೆಬ್. ಚೀನೀಯರ ಬಾಯಲ್ಲಿ ಲಿಯೆಪಾ. ಡಿಸೆಂಬರಿನಲ್ಲಿ ಅಲ್ಲಿ ಸಾಯಂಕಾಲ ನಾಲ್ಕು ಗಂಟೆಗೆ ಮೊದಲೇ ಸೂರ್ಯನು ಮುಳುಗುವನು. ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದು ತೀರ ಸಾಮಾನ್ಯ. ವಿಜಯಪುರದ ಬಿಸಿಲಿನಲ್ಲಿ ಬೆಳೆದ ನನಗೆ, ಉಸಿರಿನ ಹಬೆ ರೆಪ್ಪೆಗೂದಲಿನ ಮೇಲೆಯೇ ಹೆಪ್ಪುಗಟ್ಟಬಹುದೆಂಬುದು ಅಲ್ಲಿಯೇ ತಿಳಿದ ಸಂಗತಿ. ಅಕ್ಟೋಬರ್ 20ರಿಂದ ಏಪ್ರಿಲ್ 20ರವರೆಗೆ ನಗರದ ಮನೆಮನೆಗೂ ಕೊಳವೆಗಳ ಮೂಲಕ ಬಿಸಿನೀರನ್ನು ಹಾಯಿಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಒಳಗೆ ತೆಳುವಾದ ಅಂಗಿ ಸಾಕು. ಹೊರಗೆ ನಾಲ್ಕು ಪದರ ಬಟ್ಟೆಯೂ ಸಾಲದು. ಹೀಗಾಗಿ ಜೀವನವೆಲ್ಲ ಒಳಗೇ ನಡೆಯುವುದು, ಕರೆಯದವನು ಹೊರಗೇ ಉಳಿಯುವನು.

ವಿದೇಶೀ ವಿದ್ಯಾರ್ಥಿಗಳಿಗೆ ಅಲ್ಲಿ ಪ್ರತ್ಯೇಕ ವಸತಿಗೃಹ. ನಮಗೆ ಕೋಣೆಗೆ ಇಬ್ಬರು, ಪಕ್ಕದ ಕಟ್ಟಡದ ಚೀನೀ ಹುಡುಗರಿಗೆ ಕೋಣೆಗೆ ಆರು ಮಂದಿ. ಸೌಕರ್ಯ ನಮಗೆ ಹೆಚ್ಚು, ಆದರೆ ಆ ಸೌಕರ್ಯವೇ ಗೋಡೆಯಾಗಿತ್ತು. ರಷ್ಯ, ಕೊರಿಯ, ಮಂಗೋಲಿಯ, ಥಾಯ್‌ಲೆಂಡ್ ಮತ್ತು ಆಫ್ರಿಕದ ಹಲವು ದೇಶಗಳ ಗೆಳೆಯರೊಡನೆ ಸಾರ್ವಜನಿಕ ಅಡುಗೆಕೋಣೆಯಲ್ಲಿ ಹರಟುತ್ತ ಚಳಿಗಾಲವನ್ನು ಸುಖವಾಗಿ ಕಳೆಯಬಹುದಾಗಿತ್ತು. ಹರಟೆ ಮಾತ್ರ ಇಂಗ್ಲಿಷಿನಲ್ಲಿಯೋ ರಷ್ಯನ್ನಿನಲ್ಲಿಯೋ ನಡೆಯುತ್ತಿತ್ತು. ಚೀನಕ್ಕೆ ಬಂದು ರಷ್ಯನ್ ಕಲಿತುಹೋದ ಮಹನೀಯರೂ ನಮ್ಮಲ್ಲಿ ಇದ್ದರೆಂದರೆ ಅತಿಶಯೋಕ್ತಿಯಲ್ಲ.

ಇಲ್ಲಿ ನಮ್ಮ ಶಾಲೆಯ ಕನ್ನಡ ಗುರುಗಳನ್ನು ನೆನೆಯದೆ ಮುಂದುವರಿಯಲಾರೆ. 'ಧನ'ವನ್ನು 'ದನ'ವೆಂದು ಓದಿದವನನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣಗಳ ಆ ಭೇದವು ಮ್ಯಾಂಡರಿನ್ನಿನ ಜೀವಾಳ. ಅಲ್ಲಿ 'ಪಾವ್' ಎಂದರೆ ಹೊಟ್ಟೆ ತುಂಬಿತು. ಅದೇ ಸ್ವರದಲ್ಲಿ ತುಟಿ ಕೂಡಿಸಿ ಉಸಿರೊತ್ತಿ 'ಫಾವ್' ಎಂದರೆ ಓಡು. ಇಂಗ್ಲಿಷ್ ಮಾತೃಭಾಷೆಯ ಸಹಪಾಠಿಗಳು ಇದಕ್ಕಾಗಿ ತಿಂಗಳುಗಟ್ಟಲೆ ಒದ್ದಾಡಿದರೆ, ನನಗೆ ಅದು ಮೊದಲ ದಿನವೇ ಒಲಿದಿತ್ತು. ನಾಲ್ಕು ಸ್ವರಗಳ ಏರಿಳಿತ ಮಾತ್ರ ನನ್ನನ್ನೂ ಬಿಡದೆ ಕಾಡಿತು. 'ಮಾಯ್' ಎಂಬುದು ಒಂದು ಸ್ವರದಲ್ಲಿ ಕೊಳ್ಳುವುದು, ಮತ್ತೊಂದರಲ್ಲಿ ಮಾರುವುದು.

ಮಾತನಾಡಲು ಜೊತೆ ಬೇಕೆಂಬ ವಿದ್ಯಾರ್ಥಿಗಳು ಪರಸ್ಪರ ಭಾಷೆಯನ್ನು ಕಲಿಸಿಕೊಳ್ಳುವ ಒಂದು ಪದ್ಧತಿ ಅಲ್ಲಿದೆ. ಅಂಥವನನ್ನು 'ಯುಪಾನ್', ಅಂದರೆ ಮಾತಿನ ಜೊತೆಗಾರ ಎನ್ನುತ್ತಾರೆ. ನನಗೆ ದೊರೆತವನು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ, ಅದೇ ಊರಿನ ಹುಡುಗ. ಒಂದು ಗಂಟೆ ಇಂಗ್ಲಿಷ್, ಒಂದು ಗಂಟೆ ಚೀನೀ ಎಂಬುದು ಕರಾರು. ಭಾನುವಾರ ನಾವಿಬ್ಬರೂ ಹೆಪ್ಪುಗಟ್ಟಿದ ಸುಂಗಾರಿ ನದಿಯ ಮೇಲೆ ನಡೆಯುತ್ತಿದ್ದೆವು. ಅಲ್ಲಿ ಎಪ್ಪತ್ತು ವರ್ಷದ ಹಿರಿಯರು ಚಾಟಿಯಿಂದ ಹೊಡೆಹೊಡೆದು ಮಂಜಿನ ಮೇಲೆ ಬುಗುರಿ ಆಡಿಸುವುದನ್ನು ನೋಡಬೇಕು! ಒಬ್ಬ ಮುದುಕರು ಚಾಟಿಯನ್ನು ನನ್ನ ಕೈಗೆ ಕೊಟ್ಟರು. ಆ ಬುಗುರಿಯ ಸುತ್ತ ನಿಂತವರೊಡನೆ ಅರ್ಧ ಗಂಟೆಯಲ್ಲಿ ನಾನು ಆಡಿದಷ್ಟು ಚೀನೀ ಮಾತನ್ನು ಒಂದು ವಾರದ ತರಗತಿಯಲ್ಲಿ ಆಡಿರಲಿಲ್ಲ. ಅವರು ಭೇಟಿಯಾದೊಡನೆ ಕೇಳುವ ಮೊದಲ ಪ್ರಶ್ನೆಯೂ ನಮ್ಮದೇ: ಊಟವಾಯಿತೇ?

ನನಗೆ ತೊಡಕಾಗಿದ್ದುದು ಆ ಊಟವೇ. ಚೀನೀಯರಲ್ಲಿ ಸ್ನೇಹವೆಂದರೆ ಒಂದೇ ಮೇಜಿನ ಸುತ್ತ ಕುಳಿತು, ನಡುವೆ ಇಟ್ಟ ಪಾತ್ರೆಗಳಿಂದ ಎಲ್ಲರೂ ಹಂಚಿಕೊಂಡು ಉಣ್ಣುವುದು. ಅತಿಥಿಯ ಬಟ್ಟಲಿಗೆ ತಮ್ಮ ಊಟದ ಕಡ್ಡಿಯಿಂದಲೇ ಒಳ್ಳೆಯ ತುಂಡನ್ನು ಎತ್ತಿ ಹಾಕುವುದು ಪ್ರೀತಿಯ ಲಕ್ಷಣ. ಮಾಂಸವನ್ನೂ ಮೊಟ್ಟೆಯನ್ನೂ ಮದ್ಯವನ್ನೂ ಮುಟ್ಟದವನು ಅಲ್ಲಿ ಹೇಗೆ ಕುಳಿತಾನು? ಮೊದಲನೆಯ ಚಳಿಗಾಲದಲ್ಲಿ ಬಂದ ಕರೆಗಳಿಗೆಲ್ಲ ಏನೋ ನೆಪ ಹೇಳಿ, ಕೋಣೆಯಲ್ಲಿ ಲಿಯೆಪಾ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯೊಡನೆ ತಿಂದು ಮಲಗುತ್ತಿದ್ದೆ. ವಸಂತೋತ್ಸವದ ರಜೆಗೆ ವಿಶ್ವವಿದ್ಯಾಲಯವೇ ಬರಿದಾದಾಗ, ಎಂಟು ದಿನ ಯಾರೊಡನೆಯೂ ಮಾತಿಲ್ಲದೆ ಕಳೆದುದುಂಟು. ಜೊತೆಗಾರನಿಗೆ ಈ ಸಂಗತಿ ತಿಳಿದಾಗ ಅವನು ನಕ್ಕು, ಒಂದು ಸಣ್ಣ ಉಪಾಹಾರಗೃಹಕ್ಕೆ ಕರೆದೊಯ್ದು 'ತೀ ಸಾನ್ ಶಿಯೆನ್' ತರಿಸಿದ. ಬದನೆ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಹುರಿದು ಮಾಡುವ ಆ ನಾಡಿನ ಪಲ್ಯ. ಮದ್ಯದ ಬಟ್ಟಲನ್ನು ಎತ್ತುವಾಗ 'ಮದ್ಯಕ್ಕೆ ಬದಲು ಚಹ' ಎಂದು ಹೇಳಿ ಚಹದ ಬಟ್ಟಲನ್ನು ಎತ್ತಿದರೆ ಯಾರೂ ತಪ್ಪೆಣಿಸರೆಂಬುದನ್ನೂ ಅವನೇ ಕಲಿಸಿದ.

ಇನ್ನೊಂದು ಬಾಗಿಲು ಜೋಳದಿಂದ ತೆರೆಯಿತು. ಈಶಾನ್ಯ ಚೀನವೂ ಜೋಳದ ನಾಡು. 'ಕಾವ್‌ಲಿಯಾಂಗ್' ಎಂಬ ಹೆಸರಿನ ಅಲ್ಲಿಯ ಕೆಂಪು ಜೋಳ ಈಗ ಬಹುಮಟ್ಟಿಗೆ ಮದ್ಯದ ಭಟ್ಟಿಗೆ ಹೋಗುತ್ತದೆ. ಸಂತೆಯಲ್ಲಿ ಅದರ ಹಿಟ್ಟು ಕಣ್ಣಿಗೆ ಬಿದ್ದಾಗ ನನಗಾದ ಆನಂದವನ್ನು ನಮ್ಮ ಕಡೆಯವರೇ ಊಹಿಸಬಲ್ಲರು. ಎಸರು ಹೊಯ್ದು ನಾದಿ, ವಸತಿಗೃಹದ ವಿದ್ಯುತ್ ಒಲೆಯ ಮೇಲೆ ರೊಟ್ಟಿ ಬಡಿದೆ. ಬಣ್ಣ ಕೆಂಪು, ರುಚಿ ತುಸು ಒಗರು, ಆದರೂ ರೊಟ್ಟಿಯೇ. ಜೊತೆಗಾರನು ಇದನ್ನು ಮನೆಯಲ್ಲಿ ಹೇಳಿದನಂತೆ. ಅದನ್ನು ನೋಡಬೇಕೆಂದು ಅವನ ಅಜ್ಜಿ ಹೇಳಿಕಳುಹಿಸಿದರು.

2018ರ ಫೆಬ್ರವರಿ 15, ಅವರ ಹೊಸವರ್ಷದ ಹಿಂದಿನ ರಾತ್ರಿ, ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆರನೆಯ ಅಂತಸ್ತಿನ ಆ ಮನೆಯ ಮೆಟ್ಟಿಲುಗಳನ್ನು ಹತ್ತಿದೆ. ಮನೆಯವರೆಲ್ಲ ಮೇಜಿನ ಸುತ್ತ ಕುಳಿತು 'ಚಿಯಾವ್ತ್ಸ' ಎಂಬ ಕಡಬನ್ನು ಮಡಿಚುತ್ತಿದ್ದರು. ತಾಯಿ ನನಗಾಗಿ ಎಲೆಕೋಸು, ಅಣಬೆ, ಸೋಯಾ ಗಿಣ್ಣುಗಳ ಹೂರಣವನ್ನು ಬೇರೆಯಾಗಿ ಮಾಡಿ, ಬೇರೆ ಪಾತ್ರೆಯಲ್ಲಿ, ಎಲ್ಲರಿಗಿಂತ ಮೊದಲು ಬೇಯಿಸಿದರು. ನಾನು ಭಾರತದವನೆಂದೊಡನೆ ತಂದೆಯವರು 'ಖ ತೀಹ್ವಾ' ಎಂದರು. ಯುದ್ಧಕಾಲದಲ್ಲಿ, 1938ರಲ್ಲಿ, ಚೀನಕ್ಕೆ ಹೋಗಿ, ಅಲ್ಲಿಯ ಭಾಷೆಯನ್ನು ಕಲಿತು, ಗಾಯಾಳುಗಳ ಸೇವೆಯಲ್ಲಿಯೇ 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸರ ಚೀನೀ ಹೆಸರು ಅದು. ಅವರು ಹುಟ್ಟಿದ ಸೊಲ್ಲಾಪುರ ನಮ್ಮ ಊರಿನಿಂದ ಸುಮಾರು ನೂರು ಕಿಲೋಮೀಟರ್ ಎಂದಾಗ, ತಂದೆಯವರು ಎದ್ದು ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು.

ಅಜ್ಜಿಗೆ ಎಂಬತ್ತನಾಲ್ಕು ವರ್ಷ. ರೊಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಒಂದು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ ಮಾತನಾಡತೊಡಗಿದರು. ಅವರ ಬಾಲ್ಯ ಜಪಾನೀಯರ ಆಡಳಿತದ ಕಾಲ. 1932ರಿಂದ 1945ರವರೆಗೆ ಆ ಸೀಮೆ ಅವರ ಕೈಯಲ್ಲಿತ್ತು. ಅಕ್ಕಿಯನ್ನು ಉಣ್ಣುವುದು ಆಗ ಚೀನೀಯರಿಗೆ ಅಪರಾಧ. ತಂದೆ ಮೂಟೆ ಹೊತ್ತು ತಂದ ಕೆಂಪು ಜೋಳದ ನುಚ್ಚೇ ಮೂರು ಹೊತ್ತೂ. ಒಮ್ಮೆ ಕಾಯಿಲೆಬಿದ್ದ ತಮ್ಮನಿಗಾಗಿ ತಾಯಿ ಎಲ್ಲಿಂದಲೋ ಒಂದು ಹಿಡಿ ಅಕ್ಕಿಯನ್ನು ತಂದು, ವಾಸನೆ ಹೊರಗೆ ಹೋಗಬಾರದೆಂದು ಕಿಟಕಿಗೆ ಕೌದಿಯನ್ನು ಕಟ್ಟಿ ಗಂಜಿ ಮಾಡಿದರಂತೆ. ತಮ್ಮ ಉಳಿಯಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅಜ್ಜಿ ಜೋಳವನ್ನು ಮನೆಯೊಳಗೆ ತರಲಿಲ್ಲ. ನಮ್ಮಲ್ಲಿ ಇದನ್ನು ಬಡವರೂ ಶ್ರೀಮಂತರೂ ಇಷ್ಟಪಟ್ಟು ಉಣ್ಣುತ್ತಾರೆ, ಹಬ್ಬಕ್ಕೂ ಮಾಡುತ್ತಾರೆಂದು ನಾನು ಹೇಳಿದಾಗ, ಅದು ನಿಜವೇ ಎಂದು ಎರಡು ಸಲ ಕೇಳಿದರು. ಉಳಿದ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ಪೂರ್ತಿ ತಿಂದರು. ಮೊಮ್ಮಗನು ದಿಗ್ಭ್ರಾಂತನಾಗಿ ಕುಳಿತಿದ್ದ. ಅಜ್ಜಿಗೆ ತಮ್ಮನೊಬ್ಬನಿದ್ದನೆಂಬುದೇ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ರಾತ್ರಿಯ ಬಳಿಕ ಉಳಿದ ಚಳಿಗಾಲದುದ್ದಕ್ಕೂ ನನ್ನ ಭಾನುವಾರಗಳು ಆ ಮನೆಯಲ್ಲಿಯೇ ಕಳೆದವು. ಬಾಲ್ಕನಿಯ ಚಳಿಯಲ್ಲಿ ಕಲ್ಲಾಗಿ ಕಪ್ಪಿಟ್ಟ ಪೇರುಹಣ್ಣುಗಳನ್ನು ತಣ್ಣೀರಿನಲ್ಲಿ ನೆನೆಯಿಟ್ಟು, ಮೆತ್ತಗಾದ ಮೇಲೆ ರಸವನ್ನು ಹೀರುವ ಅಲ್ಲಿಯ ಪದ್ಧತಿಯನ್ನು ಅಜ್ಜಿಯೇ ಕಲಿಸಿದರು. ನನ್ನ ಮಾತಿನಲ್ಲಿ ಈಶಾನ್ಯದ ಹಳ್ಳಿಯ ಧಾಟಿ ಬಂದಿದೆಯೆಂದು ತರಗತಿಯ ಅಧ್ಯಾಪಿಕೆ ಗದರಿದರೂ ನಾನು ಅದನ್ನು ತಿದ್ದಿಕೊಳ್ಳಲು ಹೋಗಲಿಲ್ಲ.

ಊರಿಗೆ ಮರಳಿದ ಮೇಲೆ ವೀಚಾಟ್ ಎಂಬ ಚೀನೀ ಆ್ಯಪ್ ಮೂಲಕ ವಾರವಾರವೂ ಮಾತುಕತೆಯಾಗುತ್ತಿತ್ತು. 2020ರ ಜೂನ್ 29ರಂದು ನಮ್ಮ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಅದೂ ಒಂದು. ಗಡಿಯಲ್ಲಿ ಯೋಧರ ರಕ್ತ ಹರಿದ ತಿಂಗಳಿನಲ್ಲಿ ಅದರ ಬಗ್ಗೆ ದೂರುವ ಮನಸ್ಸು ನನಗೂ ಇರಲಿಲ್ಲ. ಬಳಿಯಲ್ಲಿ ಉಳಿದುದು ಹಳೆಯ ನೋಟುಪುಸ್ತಕದಲ್ಲಿ ಜೊತೆಗಾರನೇ ಬರೆದುಕೊಟ್ಟಿದ್ದ ಮನೆಯ ವಿಳಾಸ. 2023ರಲ್ಲಿ ಆ ಅಕ್ಷರಗಳನ್ನು ಲಕೋಟೆಯ ಮೇಲೆ ನೋಡಿ ನೋಡಿ ತಿದ್ದಿ ಒಂದು ಪತ್ರ ಹಾಕಿದೆ. ಮೂರು ತಿಂಗಳಿಗೆ ಉತ್ತರ ಬಂತು. ಅಜ್ಜಿ 2022ರ ಡಿಸೆಂಬರಿನಲ್ಲಿ, ಕೊರೋನಾ ಅಲೆಯ ದಿನಗಳಲ್ಲಿ ತೀರಿಕೊಂಡಿದ್ದರು. ಅವರು ತಮ್ಮನ ವಿಷಯವನ್ನು ಆ ರಾತ್ರಿಯ ಬಳಿಕ ಮತ್ತೆ ಎತ್ತಲಿಲ್ಲವೆಂದೂ, ಮನೆಯಲ್ಲಿ ಯಾರೂ ಅದನ್ನು ಬರೆದಿಟ್ಟುಕೊಂಡಿಲ್ಲವೆಂದೂ, ನೆನಪಿದ್ದಷ್ಟನ್ನು ನಾನು ಬರೆದು ಕಳುಹಿಸಬೇಕೆಂದೂ ಜೊತೆಗಾರನು ಕೇಳಿಕೊಂಡಿದ್ದ. ಅಷ್ಟರಲ್ಲಿ ಎಷ್ಟೋ ಅಕ್ಷರಗಳು ಮರೆತುಹೋಗಿದ್ದವು. ನಿಘಂಟನ್ನು ಮುಂದಿಟ್ಟುಕೊಂಡು ಹನ್ನೊಂದು ದಿನ ಕುಳಿತು ನಾಲ್ಕು ಪುಟ ಬರೆದು, ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ.