ನಿಂತೇ ಇರುವ ಬೈಕಿಗೆ ಯಾವ ಬ್ಯಾಟರಿ?

ಪುಣೆಯ ನಮ್ಮಂಥ ಐಟಿ ಮಂದಿಯಲ್ಲಿ ಬಹಳ ಜನರ ಬೈಕು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆಫೀಸಿಗೆ ಕಂಪನಿ ಬಸ್ಸು, ಮಳೆ ಬಂದರೆ ಕ್ಯಾಬು, ಉಳಿದ ದಿನ ಮನೆಯಿಂದಲೇ ಕೆಲಸ. ನನ್ನ ಡ್ಯೂಕ್ 390 ಹುಟ್ಟಿದ್ದು ಇಲ್ಲೇ ಚಾಕಣದಲ್ಲಿ. ಈಗ ವಾಕಡದ ಬೇಸ್‌ಮೆಂಟಿನಲ್ಲಿ ಒಮ್ಮೊಮ್ಮೆ ಮೂರು ವಾರ ಮಲಗಿರುತ್ತದೆ. ಅದಕ್ಕೆ ಕಿಕ್ಕರ್ ಇಲ್ಲ. ಬ್ಯಾಟರಿ ಎದ್ದರೆ ಮಾತ್ರ ಬೈಕು ಎದ್ದೀತು. ಬೆಳಗಾವಿಯಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಇಲ್ಲಿಂದ ಹೆಚ್ಚುಕಡಿಮೆ 340 ಕಿಲೋಮೀಟರ್. ಹಬ್ಬದ ಹಿಂದಿನ ರಾತ್ರಿ ಊರಿಂದ ಫೋನ್ ಬಂದರೆ ಬಸ್ಸಿನಲ್ಲಿ ಸೀಟು ಸಿಗುವ ಭರವಸೆ ಇಲ್ಲ. ಹಾಗಾಗಿ ಬ್ಯಾಟರಿ ಆರಿಸುವುದು ನನಗೆ ಶೋಕಿಯ ವಿಷಯವಲ್ಲ.

ನಾಲ್ಕು ವರ್ಷ ದುಡಿದ ಲೆಡ್-ಆಸಿಡ್ ಬ್ಯಾಟರಿ ಈ ಬೇಸಿಗೆಯಲ್ಲಿ ಸೋತಾಗ ನಾನಾ ಪೇಠೆಯ ಅಂಗಡಿಗಳಿಗೆ ಹೋದೆ. "ಲಿಥಿಯಂ ಘ್ಯಾ ಸರ್, ವಜನ ಕಮೀ, ಪವರ್ ಜಾಸ್ತ" ಎಂದ ಅಂಗಡಿಯವ. ವಜನದ ಮಾತು ನಿಜ. ಹಳೆಯದು ಸುಮಾರು 3 ಕಿಲೊ, ಇದು ಒಂದು ಕಿಲೊಕ್ಕೂ ಕಡಿಮೆ. ಆದರೆ ಉಳಿಯುವ ಎರಡು ಕಿಲೊ ಅಂದರೆ ಮೂರು ಲೀಟರ್ ಪೆಟ್ರೋಲಿನಷ್ಟು ಭಾರ. ರೇಸಿನವರಿಗೆ ಅದು ದೊಡ್ಡದು, ಖಂಬಾಟಕಿ ಘಾಟ್ ಹತ್ತುವ ನನಗಲ್ಲ. ಅದಕ್ಕಾಗಿ ಎರಡು-ಮೂರು ಪಟ್ಟು ಹಣ ಕೊಡಬೇಕಿಲ್ಲ.

ಮನೆಯಲ್ಲಿ ಮೊದಲು ಎದ್ದದ್ದು ಬೆಂಕಿಯ ಭಯ. 2022ರ ಮಾರ್ಚ್‌ನಲ್ಲಿ ಪುಣೆಯಲ್ಲೇ ಒಂದು ಇಲೆಕ್ಟ್ರಿಕ್ ಸ್ಕೂಟರ್ ಹೊತ್ತಿ ಉರಿದ ವಿಡಿಯೊ ಎಲ್ಲರೂ ನೋಡಿದವರೇ. ಲಿಥಿಯಂನಲ್ಲೂ ಜಾತಿಗಳಿವೆ. ಬೈಕಿನ ಸ್ಟಾರ್ಟರ್ ಬ್ಯಾಟರಿಗೆ ಸಾಮಾನ್ಯವಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್. ಕಾಯ್ದಾಗಲೂ ಇದು ಬೇರೆ ಲಿಥಿಯಂ ಬಗೆಗಳಷ್ಟು ಸುಲಭವಾಗಿ ಕೆರಳುವುದಿಲ್ಲ. ಇದನ್ನು ಜಗತ್ತಿನ ಮುಂದಿಟ್ಟ 1997ರ ಪ್ರಬಂಧದಲ್ಲಿ ಮೂವರ ಹೆಸರಿದೆ: ಪಾಧಿ, ನಂಜುಂಡಸ್ವಾಮಿ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಗುಡ್‌ಇನಫ್. ಟೆಕ್ಸಸ್‌ನ ಪ್ರಯೋಗಾಲಯದ ಪ್ರಬಂಧದಲ್ಲಿ ನಂಜುಂಡಸ್ವಾಮಿ ಎಂಬ ಹೆಸರು ಕಂಡರೆ ಕನ್ನಡದವರಿಗೆ ಸಣ್ಣ ಖುಷಿ ಆಗದೇ ಇರದು.

ಭಯ ಕಳೆದ ಮೇಲೆ ಉಳಿದದ್ದು ಲೆಕ್ಕ. ಅದರಲ್ಲೇ ವಿಷಯ ಇರುವುದು. ಎಷ್ಟೋ ಲಿಥಿಯಂ ಡಬ್ಬಿಗಳ ಮೇಲೆ "8 ಆಂಪಿಯರ್-ಅವರ್‌ಗೆ ಸಮ" ಎಂಬ ಅರ್ಥದ ಬರಹ ಇರುತ್ತದೆ. ಎಂಜಿನ್ ತಿರುಗಿಸುವ ಬಲದಲ್ಲಿ ಸಮ, ಸಂಗ್ರಹದಲ್ಲಿ ಅಲ್ಲ. ನಿಜ ತಿಳಿಯಬೇಕಾದರೆ ಸಣ್ಣ ಅಕ್ಷರದಲ್ಲಿರುವ ವ್ಯಾಟ್-ಅವರ್ ನೋಡಿ, 12.8ರಿಂದ ಭಾಗಿಸಿ. 36 ಎಂದಿದ್ದರೆ ಸಿಗುವುದು ಬರೀ 2.8 ಆಂಪಿಯರ್-ಅವರ್. ಬಿಂದಿಗೆ ಸಣ್ಣದು, ಬಾಯಿ ಮಾತ್ರ ದೊಡ್ಡದು.

ಈಗ ನಿಮ್ಮ ಬೈಕು ಕೀಲಿ ತೆಗೆದ ಮೇಲೂ ಎಷ್ಟು ಕುಡಿಯುತ್ತದೆ ಅಳೆಯಿರಿ. ಕೀಲಿ ತೆಗೆದು, ನೆಗೆಟಿವ್ ತಂತಿ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮಲ್ಟಿಮೀಟರ್ ಜೋಡಿಸಿದರೆ ಸಾಕು. ಮೀಟರ್ ನಡುವೆ ಇರುವಾಗ ಸ್ಟಾರ್ಟ್ ಮಾತ್ರ ಮಾಡಬೇಡಿ. ನನ್ನದು 2 ಮಿಲಿ ಆಂಪಿಯರ್ ತೋರಿಸಿತು. ಮೂರು ವಾರಕ್ಕೆ ಹೋಗುವುದು 1 ಆಂಪಿಯರ್-ಅವರ್, ಇನ್ನೂ 1.8 ಉಳಿಯುತ್ತದೆ. ಪಕ್ಕದ ಫ್ಲ್ಯಾಟಿನ ಕಲಬುರಗಿಯ ಗೆಳೆಯನ ಬೈಕಿಗೆ ಜಿಪಿಎಸ್ ಟ್ರ್ಯಾಕರ್ ಇದೆ. ಅಲ್ಲಿ ಕಂಡದ್ದು 12. ಇದೇ ಲಿಥಿಯಂ ಅಲ್ಲಿ ಹತ್ತೇ ದಿನಕ್ಕೆ ಖಾಲಿ. ಪೂರ್ತಿ ಬರಿದಾದ ಲಿಥಿಯಂ ಅನ್ನು ಮತ್ತೆ ಎಬ್ಬಿಸುವುದು ಕಷ್ಟ. 8 ಆಂಪಿಯರ್-ಅವರ್ ಲೆಡ್ ಆದರೆ ಅಷ್ಟು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿಸಿಕೊಂಡಿರುತ್ತದೆ. ಅವನಿಗೆ ಲೆಡ್ಡೇ ಸರಿ ಎಂದೆ, ಅದನ್ನೇ ತಂದ.

ಇನ್ನೊಂದು ಅಳತೆ ಎಂಜಿನ್ ಓಡುವಾಗಿನದು. ಐದು ಸಾವಿರ ಆರ್‌ಪಿಎಂನಲ್ಲಿ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.6 ವೋಲ್ಟ್ ಒಳಗಿದ್ದರೆ ಸರಿ. 15ರ ಹತ್ತಿರ ಹೋದರೆ ಮೊದಲು ರೆಗ್ಯುಲೇಟರ್ ನೋಡಿಸಬೇಕು, ಲಿಥಿಯಂ ಆಮೇಲೆ. ನನ್ನದು 14.3.

ಹಾಗಾಗಿ ನಾನು ಲಿಥಿಯಂ ಕೊಂಡೆ. ಭಾರ ಕಡಿಮೆ ಎಂದಲ್ಲ. ಅರ್ಧಂಬರ್ಧ ಚಾರ್ಜ್‌ನಲ್ಲಿ ವಾರಗಟ್ಟಲೆ ನಿಂತರೆ ಲೆಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಪುಣೆಯ ಏಪ್ರಿಲ್-ಮೇ ಸೆಕೆಯಲ್ಲಿ ತಾನಾಗಿ ಇಳಿಯುವುದೂ ಜಾಸ್ತಿ. ಲಿಥಿಯಂಗೆ ಅರ್ಧ ತುಂಬಿ ಕೂರುವುದು ತೊಂದರೆಯಲ್ಲ, ವಾಕಡದಿಂದ ಔಂಧ್‌ವರೆಗಿನ ಸಣ್ಣ ಓಟದಲ್ಲೂ ಬೇಗ ತುಂಬಿಕೊಳ್ಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಲಡಾಖ್‌ಗೆ ಹೊರಟವರು ಯೋಚಿಸಲಿ, ಪುಣೆಯ ಡಿಸೆಂಬರ್‌ಗೆ ಆ ಚಿಂತೆ ಇಲ್ಲ.

ಒಂದು ಕೊರತೆಯನ್ನು ಒಪ್ಪಿಕೊಂಡೇ ಕೊಂಡಿದ್ದೇನೆ. ಕರಾಡದಲ್ಲೋ ನಿಪ್ಪಾಣಿಯಲ್ಲೋ ಇದು ಸತ್ತರೆ ಅಲ್ಲಿಯ ಅಂಗಡಿಯಲ್ಲಿ ಸಿಗುವುದು ಲೆಡ್ ಬ್ಯಾಟರಿ. ಅದರಲ್ಲೇ ಊರು ಮುಟ್ಟಬಹುದು, ಗಾತ್ರ ಒಂದೇ ಇದ್ದರೆ. ಅದಕ್ಕೇ ಮೂಲ ಬ್ಯಾಟರಿಯ ಅಳತೆಯದನ್ನೇ ಆರಿಸಿದೆ. ಇನ್ನೂ ಚಿಕ್ಕದಿತ್ತು, ಬೇಡವೆಂದೆ. ನೀವೂ ಅಂಗಡಿಗೆ ಹೋಗುವ ಮುನ್ನ ನಿಮ್ಮ ಬೈಕು ಎಷ್ಟು ದಿನ ನಿಲ್ಲುತ್ತದೆ, ನಿಂತಾಗ ಎಷ್ಟು ಕುಡಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ಉತ್ತರ ಆ ಚೀಟಿಯಲ್ಲೇ ಇರುತ್ತದೆ.